ಚಮಚದ ಲೆಕ್ಕ

ಜನವರಿ 14, 2025. ಮಂಗಳವಾರ

ಸಂಕ್ರಾಂತಿ. ಅತ್ತೆಗೆ ಎಳ್ಳು ಕೊಡುವ ಹಾಗಿಲ್ಲ, ಗಂಟಲಲ್ಲಿ ಕೂರುತ್ತದೆ. ಬೆಲ್ಲ ಕರಗಿಸಿ ರಾಗಿ ಮಣ್ಣಿಗೆ ಬಿಟ್ಟೆ. ಬೆಳಿಗ್ಗೆ 16 ಚಮಚ, ರಾತ್ರಿ 15. ಒಟ್ಟು 31.

ಎಣಿಸಲು ಹೇಳಿದವಳು ಮಗಳು. "ತೂಕ ಹಾಕೋಕಂತೂ ಆಗಲ್ಲ, ಚಮಚನಾದ್ರೂ ಎಣಿಸು ಆಯಿ. ದಿನಾ ಬರೆದಿಡು." ಮಂಗಳೂರಿನಲ್ಲಿ ಎಂ.ಡಿ. ಓದುವವಳಿಗೆ ಎಲ್ಲದಕ್ಕೂ ಲೆಕ್ಕ ಬೇಕು. ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಹಾಗೇ ಬಿದ್ದಿತ್ತು. ಅಡಿಕೆಯ ಲೆಕ್ಕ ಬರೆಯಬೇಕಾದ ಕಡೆ ಅತ್ತೆಯ ಲೆಕ್ಕ.

ಕೊನೆ ಕೊಯ್ಲು ನಡೆದಿದೆ. ಅಂಗಳದಲ್ಲಿ ಹಂಡೆ, ಹೊಗೆ, ಚೊಗರಿನ ವಾಸನೆ. ಸುಲಿಯುವ ಹೆಂಗಸರ ಮಾತು ರಾತ್ರಿ ಹತ್ತರವರೆಗೆ. ಅತ್ತೆ ಕಿಟಕಿ ಕಡೆಗೇ ಮುಖ ಮಾಡಿ ಮಲಗಿದ್ದರು. ಕೇಳುತ್ತದೋ ಇಲ್ಲವೋ.

ಜನವರಿ 19

ಮೂರು ದಿನದಿಂದ ಅತ್ತೆಯ ಕೈ ಸುಮ್ಮನಿಲ್ಲ. ಹೊದಿಕೆ ಹಿಡಿಯುತ್ತಾರೆ, ಮುಂದಕ್ಕೆ ಒತ್ತುತ್ತಾರೆ, ತಿರುವುತ್ತಾರೆ, ಪಕ್ಕಕ್ಕೆ ಬಿಸಾಡುತ್ತಾರೆ. ಮತ್ತೆ ಅದೇ. ಗಂಟೆಗಟ್ಟಲೆ. ಊರಿನ ಕ್ಲಿನಿಕ್ಕಿಗೆ ಫೋನು ಮಾಡಿದರೆ ನಿದ್ರೆ ಮಾತ್ರೆ ಹೇಳಿದರು. ಇವರು ತಂದೂ ತಂದರು.

ಸಂಜೆ ಸುಲಿಯುವವರಿಗೆ ಚಾ ಕೊಟ್ಟು ನಿಂತವಳಿಗೆ ಹೊಳೆಯಿತು. ಮೆಟ್ಟುಗತ್ತಿಗೆ ಅಡಿಕೆ ಒತ್ತುವುದು, ತಿರುವುವುದು, ಸಿಪ್ಪೆ ಒಂದು ಕಡೆ ಬಿಸಾಡುವುದು. ಅತ್ತೆ ಸುಲಿಯುತ್ತಿದ್ದಾರೆ! ಹೊರಗಿನವರ ಸದ್ದು ಕೇಳಿಸಿಕೊಂಡು ಒಳಗೆ ಅತ್ತೆಯದೂ ಕೆಲಸ ನಡೆದಿದೆ.

ಎರಡು ಹಸಿ ಅಡಿಕೆ ತಂದು ಅಂಗೈಯಲ್ಲಿಟ್ಟೆ. ಬಾಯಿಗೆ ಹಾಕಿಕೊಂಡಾರೆಂದು ಪಕ್ಕದಲ್ಲೇ ಕೂತೆ. ಹಾಕಿಕೊಳ್ಳಲಿಲ್ಲ. ಹೆಬ್ಬೆರಳಿಂದ ಸವರಿದರು, ತೊಟ್ಟು ಎಲ್ಲಿ ಎಂದು ಹುಡುಕುವ ಹಾಗೆ. ಹತ್ತು ನಿಮಿಷಕ್ಕೆ ಕೈ ನಿಂತಿತು. ನಿದ್ದೆ.

ಮಾತ್ರೆ ಚೀಟಿಯಲ್ಲೇ ಇದೆ. 30 ಚಮಚ.

ಫೆಬ್ರವರಿ 1. ಶನಿವಾರ

ಪೇಪರಿನಲ್ಲಿ ಬಂದಿದೆ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಆರೋಗ್ಯ ಇಲಾಖೆ ಜನವರಿ 30ಕ್ಕೆ ಆದೇಶ ಹೊರಡಿಸಿದೆ. ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ, ನಿಯಮ ಸಡಿಲಿಸಿದ್ದು 2023ರಲ್ಲಿ. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ, ಅವರ ಸುದ್ದಿಯೂ ಇದೆ. ನಮ್ಮ ಅತ್ತೆಯ ಓರಗೆಯವರು.

ಎರಡು ಸಲ ಓದಿದೆ. ಬುದ್ಧಿ ಸ್ವಾಧೀನದಲ್ಲಿರುವಾಗ ಬರೆದಿಡಬೇಕು. ಇಬ್ಬರು ಸಾಕ್ಷಿ. ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ಬರೆದಿಡದವರಿಗೂ ದಾರಿ ಇದೆ: ಆಸ್ಪತ್ರೆಯಲ್ಲಿ ಮೂವರು ಡಾಕ್ಟರು ನೋಡಬೇಕು, ಅವರ ಮೇಲೆ ಇನ್ನೂ ಮೂವರು, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಪ್ರತಿ. ಎಲ್ಲ ಆಸ್ಪತ್ರೆಯೊಳಗಿನ ಮಾತು. ಮನೆಯಲ್ಲಿ ಮಲಗಿದವರಿಗೆ ಏನು ಎಂದು ಹುಡುಕಿದೆ. ಕಾಣಲಿಲ್ಲ.

ಬೆಂಗಳೂರಿನ ಡಾಕ್ಟರು ಅಲ್ಝೈಮರ್ ಎಂದದ್ದೂ 2018ರಲ್ಲೇ. ಆಗಿನ್ನೂ ಅತ್ತೆ ಪೂಜೆಯ ಹೂವು ತಾವೇ ಕೊಯ್ಯುತ್ತಿದ್ದರು. ಒಂದೇ ಗಿಡಕ್ಕೆ ನಾಲ್ಕು ಸಲ ಹೋಗುತ್ತಿದ್ದರು, ಅಷ್ಟೆ. ಆಗ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಅರವತ್ತಕ್ಕೆ ಅರಳು ಮರಳು, ಅತ್ತೆಗೆ ಎಪ್ಪತ್ತೇಳಕ್ಕೆ ಬಂತು ಎಂದು ನಗಾಡಿದೆವು. ನಾನೂ ನಕ್ಕಿದ್ದೇನೆ.

ಪೇಪರು ಇವರ ಮುಂದೆ ಇಟ್ಟೆ. ರಾಶಿ ಅಡಿಕೆಯ ಧಾರಣೆ ನೋಡಿ ಮಡಚಿದರು.

ಫೆಬ್ರವರಿ 9. ರಾತ್ರಿ 2.40

ಮಗ್ಗುಲು ಬದಲಿಸುವ ಹೊತ್ತು. ಎರಡು ಗಂಟೆಗೊಮ್ಮೆ. ಟಾರ್ಚು ಹಿಡಿದು ಸೊಂಟ, ಬೆನ್ನ ಕೆಳಗಿನ ಮೂಳೆ, ಹಿಮ್ಮಡಿ ನೋಡಬೇಕು. ಕೆಂಪಗಿದ್ದ ಕಡೆ ಬೆರಳಲ್ಲಿ ಒತ್ತಬೇಕು. ಒತ್ತಿ ಬಿಟ್ಟಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಕೆಂಪಗೇ ಇದ್ದರೆ ಹುಣ್ಣಿನ ಶುರು. ಇವತ್ತು ಎಡ ಹಿಮ್ಮಡಿ ಅನುಮಾನ. ರಬ್ಬರ್ ಗ್ಲೌಸಿಗೆ ನೀರು ತುಂಬಿ, ಗಂಟು ಹಾಕಿ, ಬಟ್ಟೆ ಸುತ್ತಿ ಕಾಲಡಿಗೆ ಇಟ್ಟೆ. ಐದು ಬೆರಳಿನ ದಿಂಬು.

ಮಗಳು ಹೇಳಿದ ಕತೆ ನೆನಪಾಗುತ್ತದೆ. ಅಲ್ಝೈಮರ್ ಡಾಕ್ಟರು ಮೊದಲು ಈ ಕಾಯಿಲೆ ಕಂಡದ್ದು ಜರ್ಮನಿಯ ಆಗಸ್ಟ ಡೆಟರ್ ಎಂಬ ಹೆಂಗಸಿನಲ್ಲಿ. 1906ರಲ್ಲಿ ಆಕೆ ತೀರಿಕೊಂಡಳು. ಮರೆವಿನಿಂದಲ್ಲ, ಮಲಗಿ ಮಲಗಿ ಆದ ಹುಣ್ಣು ನಂಜೇರಿ. ಹೆಸರು ಡಾಕ್ಟರಿಗಾಯಿತು, ಹುಣ್ಣು ಆಕೆಗೆ.

ಅತ್ತೆಗೆ ಹುಣ್ಣಾಗಲು ಬಿಡುವುದಿಲ್ಲ. ಇದೊಂದು ಹಟ ಹಿಡಿದುಕೊಂಡಿದ್ದೇನೆ. ಯಾರ ಮೇಲಿನ ಹಟವೋ.

ತಿರುಗಿಸುವಾಗ ಕಣ್ಣು ಬಿಟ್ಟರು. "ಆಯಿ, ಮನೆಗೆ ಹೋಪನ."

ಆಯಿ ಅಂದರೆ ನಾನು. ಮನೆ ಅಂದರೆ 1959ರಲ್ಲಿ ಬಿಟ್ಟು ಬಂದ ತವರು. ಬೆಳಗಾಗಲಿ, ಹೋಪನ ಎಂದೆ. ಒಪ್ಪಿದರು.

28.

ಫೆಬ್ರವರಿ 17

ಬಂದವರೆಲ್ಲ ಒಂದೆಲಗ ತರುತ್ತಾರೆ. ನೆನಪಿಗೆ ಒಳ್ಳೆಯದಂತೆ. ಹಿತ್ತಲಲ್ಲಿ ನಮ್ಮದೇ ಒಂದು ಮಡಿ ಇದೆ. ಅತ್ತೆ ಜೀವಮಾನವಿಡೀ ಒಂದೆಲಗದ ತಂಬುಳಿ ಉಂಡವರು. ನಾನು ಏನೂ ಹೇಳುವುದಿಲ್ಲ, ಇಸಿದುಕೊಂಡು ದನಕ್ಕೆ ಹಾಕುತ್ತೇನೆ.

ಇವತ್ತು ಬಂದಾಕೆ ಹಾಸಿಗೆಯ ಪಕ್ಕ ನಿಂತು, "ಇನ್ನೂ ಎಷ್ಟು ದಿನ ಮಾರಾಯ್ತಿ, ದೇವರು ಬೇಗ ಕರ್ಕೊಳ್ಳಲಿ" ಎಂದಳು, ಅತ್ತೆ ಗೋಡೆಯೋ ಎಂಬಂತೆ. ಅತ್ತೆಯ ಹುಬ್ಬು ಗಂಟಾಯಿತು. ಕಾಕತಾಳೀಯವೇನೋ.

ಅವಳನ್ನು ಜಗುಲಿಗೆ ಕರೆದುಕೊಂಡು ಹೋಗಿ ಚಾ ಕೊಟ್ಟೆ. ನಾನೂ ಅದನ್ನೇ ಎಷ್ಟು ಸಲ ಅಂದುಕೊಂಡಿಲ್ಲ.

ಮಾರ್ಚ್ 4

ಮಗಳು ಬಂದಿದ್ದಾಳೆ. ರಾತ್ರಿ ಊಟವಾದ ಮೇಲೆ ಅಪ್ಪನನ್ನೂ ಕೂರಿಸಿಕೊಂಡು ಹೇಳಿದಳು. ಅಮೆರಿಕದಲ್ಲಿ ಬಾಸ್ಟನ್ ಸುತ್ತಮುತ್ತಲಿನ ನರ್ಸಿಂಗ್ ಹೋಮುಗಳಲ್ಲಿ, ಅಮ್ಮಮ್ಮನ ಸ್ಥಿತಿಗೆ ಬಂದಿದ್ದ 323 ಜನರನ್ನು 18 ತಿಂಗಳು ನೋಡಿದರಂತೆ. 2009ರಲ್ಲಿ ಅಚ್ಚಾಯಿತು. ಅರ್ಧಕ್ಕಿಂತ ಹೆಚ್ಚು ಜನ ಅಷ್ಟರೊಳಗೆ ಹೋದರು. ನೂರಕ್ಕೆ 86 ಮಂದಿಗೆ ಊಟದ ತೊಂದರೆ, 41 ಮಂದಿಗೆ ನ್ಯುಮೋನಿಯಾ.

ಇವರು: "ಅಂದರೆ ಇದು ಕ್ಯಾನ್ಸರಿನ ಹಾಗಾ?"

"ಹಾಗೇ ಅಪ್ಪ. ಇದರಿಂದಲೇ ಸಾಯ್ತಾರೆ. ನಾವು ವಯಸ್ಸಾಯ್ತು ಅಂತೀವಿ."

ಇವರು ಬಹಳ ಹೊತ್ತು ಮಾತಾಡಲಿಲ್ಲ. ಏಳು ವರ್ಷದಲ್ಲಿ ಒಬ್ಬ ಡಾಕ್ಟರೂ ಈ ಮಾತು ಹೇಳಿರಲಿಲ್ಲ. ಮರೆವು ಅಂದರು, ಸಕ್ಕರೆ ನೋಡಿದರು, ಮಾತ್ರೆ ಬದಲಿಸಿದರು. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಕೇಳಬೇಕೆಂದು ಗೊತ್ತಾಗಬೇಕಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ಇದೆಯಂತೆ. ಮುಂದೇನಾಗುತ್ತದೆ ಎಂದು ಮನೆಯವರಿಗೆ ಗೊತ್ತಿದ್ದರೆ, ಕಡೆಯ ಮೂರು ತಿಂಗಳಲ್ಲಿ ಆಸ್ಪತ್ರೆ, ಊಟದ ಪೈಪು ಇವೆಲ್ಲ ತೀರ ಕಡಿಮೆ. ಗೊತ್ತಿದ್ದರೆ ಸಾಕು, ಅಷ್ಟಕ್ಕೇ.

ನಮಗೆ ಇವತ್ತು ಗೊತ್ತಾಯಿತು. ಮೈದುನನಿಗೆ ಯಾರು ಹೇಳುವುದು?

24.

ಮಾರ್ಚ್ 11

ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಕೈ ತಾನೇ ನಿಂತಿತು.

1996, ಜನವರಿ. ಸಿದ್ದಾಪುರದಿಂದ ಅಣ್ಣ ಜೀಪಿನಲ್ಲಿ ಜನ ಕಳಿಸಿದ್ದ. ಆಯಿಗೆ ಉಸಿರು ಮೇಲಾಗಿದೆ, ಕೂಡಲೇ ಬಾ. ಒಲೆಯ ಮೇಲೆ ಅಡಿಕೆ ಹಂಡೆ. ಅತ್ತೆ ಚೊಗರು ಕಲಕುತ್ತಿದ್ದವರು ತಿರುಗಿಯೂ ನೋಡದೆ, "ಈ ಒಬ್ಬೆ ಇಳಿಸಿ ನಾಳೆ ಬೆಳಿಗ್ಗೆ ಹೋಗು" ಎಂದರು. ಹೋದೆ. ಅಂಗಳದಲ್ಲೇ ಗೊತ್ತಾಯಿತು.

ಅತ್ತೆ ಆಮೇಲೆ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ನಾಲಗೆಯ ತುದಿಗೆ ಬಂದು ಹೋಗಿದೆ. ಈಗ ಹೇಳಬಹುದು. ಕೇಳುವವರು ಇಲ್ಲ. ನನ್ನನ್ನು ಆಯಿ ಎಂದು ಕರೆಯುವ ಮುದುಕಿಗೆ ನನ್ನ ಆಯಿಯ ವಿಷಯ ಹೇಗೆ ಹೇಳಲಿ?

ಎಣ್ಣೆ ಹಚ್ಚಿ ಮುಗಿಸಿದೆ. 22.

ಮಾರ್ಚ್ 30. ಯುಗಾದಿ

ಮೈದುನ ಬೆಂಗಳೂರಿನಿಂದ ಬಂದ. ಕೋಣೆಗೆ ಹೋದವನು ಬಾಗಿಲಲ್ಲೇ ನಿಂತ. "ಅತ್ತಿಗೆ, ಆಯಿ ಇಷ್ಟು ಸೊರಗಿದ್ದು ಯಾವಾಗ?" ಕೇಳಿದ್ದಷ್ಟೇ. ಆದರೆ ಇಡೀ ದಿನ ಅದೇ ಮಾತು ತಟ್ಟೆಯಲ್ಲಿ, ಲೋಟದಲ್ಲಿ.

ಸಂಜೆ ಜಗುಲಿಯಲ್ಲಿ ಹೇಳಿದ: ಅವನ ಆಫೀಸಿನ ಗೆಳೆಯನ ತಂದೆಗೆ ಪೈಪು ಹಾಕಿದ್ದಾರಂತೆ, ಎರಡು ವರ್ಷದಿಂದ ಇದ್ದಾರಂತೆ.

ಇದ್ದಾರೆ ಅಂದರೆ ಹೇಗಿದ್ದಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಿಜ ಹೇಳಬೇಕೆಂದರೆ ಎರಡು ವರ್ಷ ಎಂದಾಗ ನನಗೆ ಮೊದಲು ಬಂದದ್ದು ಹೆದರಿಕೆ. ಇನ್ನೂ ಎರಡು ವರ್ಷ ಹೀಗೆಯಾ. ಇದನ್ನು ಇಲ್ಲಿ ಬಿಟ್ಟು ಎಲ್ಲೂ ಹೇಳಲಾರೆ.

ಅವನು ಅತ್ತೆಯ ಕಾಲು ಒತ್ತುತ್ತ ರಾತ್ರಿ ಒಂದು ಗಂಟೆವರೆಗೆ ಕೂತಿದ್ದ. ಅಳುತ್ತಿದ್ದನೋ ಏನೋ, ದೀಪ ಹಚ್ಚಲಿಲ್ಲ.

18.

ಏಪ್ರಿಲ್ 7. ಸೋಮವಾರ

ಗಂಜಿ. ನಾಲ್ಕು ಚಮಚಕ್ಕೆ ತುಟಿ ಮುಚ್ಚಿದರು. ಬಟ್ಟಲು ಖಾಲಿಯಾಗಲೇಬೇಕು ಅನ್ನಿಸಿತು ಇವತ್ತು. ಯಾಕೋ. ಗಲ್ಲ ಹಿಡಿದೆ.

ಖಾಲಿಯಾಯಿತು.

ಕೆಮ್ಮಿದರು. ತುಂಬ ಹೊತ್ತು.

ಏಪ್ರಿಲ್ 8

ಜ್ವರ 102. ಎದೆಯಲ್ಲಿ ಗೊರಗೊರ. ಇವರು ಕಾರು ತರಿಸಿದ್ದಾರೆ. ಶಿವಮೊಗ್ಗಕ್ಕೆ.

ಏಪ್ರಿಲ್ 10. ಆಸ್ಪತ್ರೆ

ನ್ಯುಮೋನಿಯಾ. ನುಂಗುವಾಗ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಹೋಗಿದೆ ಎಂದರು ಡಾಕ್ಟರು. "ಊಟ ಯಾರು ಮಾಡಿಸೋದು?" ನಾನು ಎಂದೆ. "ಕೂರಿಸಿ ತಿನ್ನಿಸ್ತೀರಲ್ಲ?" ಹೌದು ಎಂದೆ. ಕೂರಿಸಿಯೇ ಇತ್ತು. ಅಲ್ಲಿಗೆ ಮಾತು ಮುಗಿಯಿತು.

ಮೂಗಿನಿಂದ ನಳಿಕೆ ಇಳಿಸಿದ್ದಾರೆ. ರಾತ್ರಿ ಎಳೆದು ಹಾಕಿದರು. ಮತ್ತೆ ಇಳಿಸಿದರು. ಈಗ ಎರಡೂ ಕೈಗೆ ಬ್ಯಾಂಡೇಜು ಬಟ್ಟೆ ಸುತ್ತಿ ಮಂಚದ ಸರಳಿಗೆ ಕಟ್ಟಿದ್ದಾರೆ. ಬಿಚ್ಚಿ ಎಂದರೆ, "ಮತ್ತೆ ಎಳ್ಕೊಂಡ್ರೆ ಯಾರು ಜವಾಬ್ದಾರಿ?" ನರ್ಸು ಹುಡುಗಿ ಒರಟಲ್ಲ. ಒಬ್ಬಳಿಗೆ ಹತ್ತು ಹಾಸಿಗೆ.

ಕಟ್ಟಿದ ಕೈ ಒಳಗೊಳಗೇ ಒತ್ತುತ್ತದೆ, ತಿರುಗುತ್ತದೆ. ಅಡಿಕೆ ಮನೆಯಲ್ಲೇ ಉಳಿಯಿತು.

ಏಪ್ರಿಲ್ 12. ಬೆಳಗಿನ ಜಾವ

ಎರಡು ರಾತ್ರಿ ಯೋಚಿಸಿ ಇವರಿಗೆ ಹೇಳಿದೆ. 2011ರಲ್ಲೋ 12ರಲ್ಲೋ, ಅತ್ತೆ ತಮ್ಮ ಅಣ್ಣನನ್ನು ಆಸ್ಪತ್ರೆಯಲ್ಲಿ ನೋಡಿ ಬಂದ ದಿನ. ಬಚ್ಚಲಲ್ಲಿ ಕಾಲು ತೊಳೆಯುತ್ತ ಅಂದಿದ್ದರು: "ಎಂಗೆ ಮಾತ್ರ ಮೂಗುದಾರ ಹಾಕ್ಸಡಿ. ಆನೆಂತ ಎತ್ತನಾ?" ನಾನು ನೀರು ಹೊಯ್ಯುತ್ತಿದ್ದೆ. ಬೇರೆ ಯಾರೂ ಇರಲಿಲ್ಲ.

ಇವರು ನನ್ನ ಮುಖ ನೋಡಿದರು. "ಇಷ್ಟು ದಿನ ಹೇಳಲಿಲ್ಲ?"

ನೆನಪಾಗಿರಲಿಲ್ಲ. ಮೂಗಿನ ನಳಿಕೆ ಕಂಡ ಮೇಲೆ ಬಂತು. ಈ ಮಾತು ಇವರಿಗೆ ಹೇಗೆ ಕೇಳಿಸಿತೋ.

ವಾರ್ಡಿನ ಡಾಕ್ಟರನ್ನು ಜನವರಿಯ ಆದೇಶದ ಬಗ್ಗೆ ಕೇಳಿದೆ. "ಪೇಪರಲ್ಲಿ ನೋಡಿದೀನಿ. ನಮ್ಮಲ್ಲಿ ಇನ್ನೂ ಆ ಕಮಿಟಿ ಎಲ್ಲ ಆಗಿಲ್ಲ ಅಮ್ಮ." ಮಗಳು ಫೋನಿನಲ್ಲಿ ಅವರೊಡನೆ ಅರ್ಧ ಗಂಟೆ ಮಾತಾಡಿದಳು. ನಳಿಕೆ ಹಾಕಿದರೆ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ, ನ್ಯುಮೋನಿಯಾ ತಪ್ಪುವುದೂ ಇಲ್ಲ, ಇಂಥವರಿಗೆ ಕೈತುತ್ತೇ ಸರಿ ಎಂದು ಅಮೆರಿಕದ ವೃದ್ಧರ ವೈದ್ಯರ ಸಂಘ 2014ರಲ್ಲೇ ಹೇಳಿದೆಯಂತೆ. ಆತ ಗೊತ್ತು ಎಂದರಂತೆ. "ಗೊತ್ತಿದ್ದೂ ಹಾಕ್ತಾರೆ ಆಯಿ. ಹಾಕದೆ ಹೋದರೆ ಮನೆಯವರೇ ಗಲಾಟೆ ಮಾಡ್ತಾರೆ."

ಏಪ್ರಿಲ್ 14

ಜ್ವರ ಇಳಿದಿದೆ. ನಳಿಕೆ ತೆಗೆದು ಮನೆಗೆ ಕಳಿಸಿ ಎಂದೆವು. ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ ಎಂದು ಬರೆದುಕೊಡಬೇಕು. ಓಡಿಹೋಗುವವರ ಹಾಗೆ.

ಮೈದುನ ಫೋನಿನಲ್ಲಿ ಕೂಗಾಡಿದ. "ಉಪವಾಸ ಕೆಡವಿ ಸಾಯಿಸ್ತೀರಾ ಅಣ್ಣ?" ಸ್ಪೀಕರ್ ಹಾಕಿರಲಿಲ್ಲ, ಆದರೂ ಕೇಳಿತು. ಇವರು ಸಹಿ ಮಾಡಿದರು. ಪೆನ್ನು ಎರಡು ಸಲ ನಿಂತಿತು.

ಕಾರಿನಲ್ಲಿ, ಆಯನೂರು ದಾಟಿದ ಮೇಲೆ: "ಆಯಿ ಆ ಮಾತು ಹೇಳಿದ್ದು ಹೌದಲ್ಲ?"

ಹೌದು ಎಂದೆ. ಹೌದು. ಮೂಗುದಾರ ಎಂದದ್ದು ಹೌದು. ಎತ್ತು ಎಂದದ್ದು ನಾನು ಸೇರಿಸಿಕೊಂಡದ್ದೋ ಏನೋ, ಈಗ ಗೊತ್ತಾಗುತ್ತಿಲ್ಲ.

ಏಪ್ರಿಲ್ 15

ಕೈಯಲ್ಲಿ ಅಡಿಕೆ ಇಟ್ಟೆ. ಮಣಿಕಟ್ಟಿನ ಸುತ್ತ ಬಟ್ಟೆಯ ಗುರುತು.

6 ಚಮಚ. ಒಂದೊಂದಕ್ಕೂ ಕಾದೆ. ನುಂಗಿದ್ದು ಗಂಟಲಲ್ಲಿ ಕಾಣುವವರೆಗೆ ಮುಂದಿನದು ಇಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಹೀಗೇ ಮಾಡಬೇಕಿತ್ತು.

ಏಪ್ರಿಲ್ 23

ಮಗಳು ಯಾರು ಯಾರನ್ನೋ ಹಿಡಿದು ಒಬ್ಬ ಡಾಕ್ಟರನ್ನು ಹುಡುಕಿದಳು. ಇಲ್ಲೇ ಪೇಟೆಯವರು. ಪ್ಯಾಲಿಯೇಟಿವ್ ತರಬೇತಿ ಆಗಿದೆ. ಬೆಂಗಳೂರಿನ ಕರುಣಾಶ್ರಯ ಕಟ್ಟಿದ್ದು ಕ್ಯಾನ್ಸರಿನವರಿಗೆ, ಕೇರಳದಲ್ಲಾದರೆ 2008ರಿಂದ ಸರ್ಕಾರದ್ದೇ ನೀತಿ ಇದೆ, ಮನೆಗೇ ನರ್ಸು ಬರುತ್ತಾರೆ, ಇಲ್ಲಿ ನಾನು ಮತ್ತು ನನ್ನ ಬೈಕು ಎಂದರು. ನಕ್ಕರು. ಹಾಸಿಗೆಯ ಮೇಲೆ ಕೂತು ಅತ್ತೆಯ ಕೈ ಹಿಡಿದು, "ಎಂಥಾ ಅಮ್ಮ, ನೋವುಂಟಾ?" ಎಂದು ಅವರನ್ನೇ ಕೇಳಿದರು. ಏಳು ವರ್ಷದಲ್ಲಿ ಅತ್ತೆಯನ್ನೇ ಕೇಳಿದ ಮೊದಲ ಡಾಕ್ಟರು.

ನೋವು ಹೇಳಲಾಗದವರ ನೋವು ನೋಡುವ ಕ್ರಮ ಕಲಿಸಿದರು. ಐದು ಸಂಗತಿ: ಉಸಿರು, ನರಳಿಕೆ, ಮುಖ, ಮೈ, ಸಮಾಧಾನ ಮಾಡಿದರೆ ಆಗುತ್ತಾರೋ ಇಲ್ಲವೋ. ಒಂದೊಂದಕ್ಕೆ ಸೊನ್ನೆಯಿಂದ ಎರಡು. ಹತ್ತಕ್ಕೆ ಎಷ್ಟು. ಮಗ್ಗುಲು ತಿರುಗಿಸುವಾಗ ಇಬ್ಬರೂ ನೋಡಿದೆವು. ಆರು. ಇಷ್ಟು ದಿನ ನಾನು ಆ ನರಳಿಕೆಯನ್ನು ಅತ್ತೆಯ ಹಟ ಅಂದುಕೊಂಡಿದ್ದೆ. ದಿನಕ್ಕೆ ಮೂರು ಹೊತ್ತು ಪ್ಯಾರಾಸಿಟಮಾಲ್ ಸಿರಪ್ಪು ಹೇಳಿದರು. ಪ್ಯಾರಾಸಿಟಮಾಲ್! ಮನೆಯಲ್ಲೇ ಇತ್ತು.

ಇವರು ಕೇಳಿದರು: ಗ್ಲೂಕೋಸ್ ಆದರೂ ಹಾಕಬಹುದಲ್ಲ. ಡಾಕ್ಟರೂ ತೋಟದ ಮನೆಯವರೇ. "ಸಾಯೋ ಮರ ನೀರು ಎಳೆಯಲ್ಲ ಹೆಗಡೇರೇ. ಬುಡಕ್ಕೆ ಸುರಿದರೆ ಬುಡ ಕೊಳೀತದೆ. ಈ ಮೈಗೂ ಅಷ್ಟೆ, ನೀರು ಪುಪ್ಪುಸಕ್ಕೆ ಇಳೀತದೆ, ಕಾಲಿಗೆ ಬಾವು ಬರ್ತದೆ."

ಅವರು ಹೋದ ಮೇಲೆ ಇವರು: "ಮರದ ಮಾತು ಮರಕ್ಕೆ."

11.

ಮೇ 5. ಸೋಮವಾರ

ನಂದು ನಾನು ಬರೆದಿಡುತ್ತೇನೆ ಎಂದು ಪೇಟೆಗೆ ಹೋದೆ. ನೋಟರಿ ಕನ್ನಡಕ ಏರಿಸಿ, "ವಿಲ್ಲಾ? ಆಸ್ತಿ ವಿವರ ಹೇಳಿ" ಎಂದರು. ಆಸ್ತಿಯದಲ್ಲ, ನಂದು ಎಂದೆ. "ನಿಮ್ಮ ಹೆಸರಲ್ಲಿ ಎಷ್ಟು ಉಂಟು?"

ಮಗಳು ಕಳಿಸಿದ ನಮೂನೆ ತೋರಿಸಿದೆ. ಓದಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮನೇಲಿ ಎಲ್ಲ ಸರಿ ಉಂಟಲ್ಲ ಅಮ್ಮ?"

ಪಾಪ, ಒಳ್ಳೆಯ ಮನುಷ್ಯ. ಸಾಕ್ಷಿ ಇಬ್ಬರನ್ನು ಕರೆತನ್ನಿ, ನಿಮ್ಮ ಪರವಾಗಿ ಹೇಳುವವರ ಹೆಸರು ಬರೆದು ತನ್ನಿ ಎಂದರು. ಇವರ ಹೆಸರು ಬರೆದು ಮನೆಗೆ ತಂದೆ. ಇವರು, "ಇಡು, ನೋಡ್ತೆ" ಎಂದರು. ಸೊಸೈಟಿಯ ನೋಟಿಸು, ಕರೆಂಟು ಬಿಲ್ಲು ಇಡುವ ಸರಿಗೆಗೆ ಚುಚ್ಚಿದ್ದಾರೆ.

9.

ಮೇ 18

ಅಪ್ಪೆಹುಳಿ ಮಾಡಿದ್ದೆ. ಸುಮ್ಮನೆ ಬೆರಳಿಗೆ ತಾಗಿಸಿ ಅತ್ತೆಯ ನಾಲಗೆಗೆ ಮುಟ್ಟಿಸಿದೆ. ಮುಖವೆಲ್ಲ ಕಿವುಚಿತು. ಆಮೇಲೆ ಬಾಯಿ ತೆರೆದರು, ಹಕ್ಕಿಮರಿಯ ಹಾಗೆ. ಇನ್ನೊಂದು. ಮತ್ತೊಂದು. ಇಂಗು, ಒಗ್ಗರಣೆ ಮೆಣಸಿನ ಘಾಟು, ಎಲ್ಲ ಸೋಸಿ ಕೊಟ್ಟೆ. ಕೆಮ್ಮು ಬಂದೀತೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಬರಲಿಲ್ಲ.

"ಉಪ್ಪು ಸಾಲ" ಎಂದರು. ಸ್ಪಷ್ಟವಾಗಿ.

ಮೂವತ್ತಾರು ವರ್ಷದಿಂದ ಕೇಳಿದ ಮಾತು. ಇವರನ್ನು ತೋಟದಿಂದ ಕರೆಸಿದೆ. ಇವರು ಬರುವಷ್ಟರಲ್ಲಿ ನಿದ್ದೆ.

7. ಅದರಲ್ಲಿ ಐದು ಅಪ್ಪೆಹುಳಿ. ಆಹಾರ ಎಂದು ಬರೆಯಬೇಕೋ ಬೇಡವೋ.

ಮೇ 26. ರಾತ್ರಿ

ಮಳೆ ಈ ಸಲ ಬೇಗ ಬಂತು. ಎರಡು ದಿನದಿಂದ ಬಿಟ್ಟೇ ಇಲ್ಲ. ಎಲ್ಲೋ ಮರ ಬಿದ್ದು ಲೈನು ಹೋಗಿದೆ. ಗಾಳಿ ಹಾಸಿಗೆ ಕರೆಂಟಿಲ್ಲದೆ ಉಸ್ ಎಂದು ಇಳಿಯಿತು. ಇನ್ವರ್ಟರು ಸಂಜೆಯೇ ಸತ್ತಿದೆ. ನಾನು, ಇವರು ಸೇರಿ ಅತ್ತೆಯನ್ನು ಹತ್ತಿ ಹಾಸಿಗೆಗೆ ಇಳಿಸಿದೆವು. ಎಷ್ಟು ಹಗುರ. ಇವರು ಒಬ್ಬರೇ ಎತ್ತಿಕೊಂಡರು.

ಒಂದೊಂದು ಗಂಟೆಗೆ ತಿರುಗಿಸುತ್ತಿದ್ದೇವೆ. ಒಂದು ಸರದಿ ಇವರದು. ಲಾಟೀನು ಹಿಡಿದು ಹಿಮ್ಮಡಿ ಒತ್ತಿ ನೋಡುವುದನ್ನು ಕಲಿಸಿದೆ. "ಬೆಳ್ಳಗಾತು" ಎಂದರು, ಪರೀಕ್ಷೆ ಪಾಸಾದ ಹುಡುಗನ ಹಾಗೆ.

4.

ಮೇ 31

2. ನುಂಗಿದ್ದು ಒಂದೇ ಇರಬೇಕು. ಬಾಯಿ ಒಣಗದ ಹಾಗೆ ನೋಡಿಕೊಳ್ಳುವುದೇ ಈಗ ಊಟ. ಬೆರಳಿಗೆ ಹತ್ತಿಬಟ್ಟೆ ಸುತ್ತಿ ನೀರಲ್ಲಿ ಅದ್ದಿ ವಸಡು, ನಾಲಗೆ, ಕೆನ್ನೆಯ ಒಳಮೈ ಒರೆಸುತ್ತೇನೆ. ತುಟಿಗೆ ತುಪ್ಪ.

ಉಸಿರು ಮೇಲೆ. ಡಾಕ್ಟರು ಮಳೆಯಲ್ಲೇ ಬೈಕಿನಲ್ಲಿ ಬಂದು ಮಾರ್ಫಿನ್ ಕೊಟ್ಟರು, ಮಾತ್ರೆಯ ಕಾಲು ತುಂಡು. ಶಿವಮೊಗ್ಗದಿಂದ ತರಿಸಿದ್ದು. ಒಂದೊಂದು ಮಾತ್ರೆಗೂ ಲೆಕ್ಕ ಇಡಬೇಕಂತೆ. 2014ರಲ್ಲಿ ಕಾನೂನು ಸಡಿಲಾಗದಿದ್ದರೆ ಇದೂ ಸಿಗುತ್ತಿರಲಿಲ್ಲ ಎಂದರು. ಅರ್ಧ ಗಂಟೆಯಲ್ಲಿ ಉಸಿರಿನ ಓಟ ತಗ್ಗಿತು. ಹತ್ತಕ್ಕೆ ಎರಡು.

ಮೈದುನ ಬಂದಿದ್ದಾನೆ. ಅಫೀಮು ಕೊಡ್ತಿದೀರಾ ಎಂದ. ಆಮೇಲೆ ಆಯಿಯ ಮುಖ ನೋಡಿದ. ಮತ್ತೆ ಕೇಳಲಿಲ್ಲ.

ಜೂನ್ 2. ರಾತ್ರಿ 1.15

ಗಂಟಲಲ್ಲಿ ಗೊರಗೊರ ಸದ್ದು. ನಮಗೆ ಹಿಂಸೆ, ಅವರಿಗಲ್ಲ, ಪಕ್ಕಕ್ಕೆ ಮಲಗಿಸಿ ಎಂದು ಡಾಕ್ಟರು ಹೇಳಿಟ್ಟಿದ್ದರು. ಮಲಗಿಸಿದ್ದೇವೆ. ಮೈದುನ ಎರಡು ಸಲ ಆಂಬುಲೆನ್ಸಿಗೆ ಫೋನು ಎತ್ತಿ ಎರಡು ಸಲವೂ ಇಟ್ಟ.

ಇವರು ಮಲಗಿದ ಮೇಲೆ ಹಂಡೆಯ ವಿಷಯ ಹೇಳಿದೆ. ಅತ್ತೆಗೆ. ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ, ಮೊದಲಿಂದ ಕೊನೆಯವರೆಗೆ. ಜೀಪು, ಚೊಗರು, ಅಣ್ಣನ ಅಂಗಳ.

ಉಸಿರು ಹಾಗೇ ಇತ್ತು. ನಿಲ್ಲುವುದು, ಬರುವುದು.

ಹೇಳಬಾರದಿತ್ತೇನೋ.

ಜೂನ್ 3. ಮಂಗಳವಾರ

ಬೆಳಿಗ್ಗೆ ಮಳೆ ಹೊಳವಾಗಿತ್ತು. ಇವತ್ತು ಬಿಟ್ಟರೆ ಕೊಳೆ ಔಷಧಿ ಹೊಡೆಯಲು ಆಗುವುದಿಲ್ಲ, ಜನ ಸಿಕ್ಕಿದ್ದಾರೆ ಎಂದು ಇವರು ತೋಟಕ್ಕೆ ಹೋದರು. ನಾನೇ ಹೋಗಿ ಎಂದೆ.

10.50. ಉಸಿರು ನಿಂತಿತು, ಬಂತು, ನಿಂತಿತು. ಕಾದೆ. ಮೈದುನ, "ಅತ್ತಿಗೆ?" ಎಂದ. ಮಗಳು ನಾಡಿ ಹಿಡಿದಿದ್ದಳು. ತಲೆ ಅಲ್ಲಾಡಿಸಿದಳು.

ಇವರು ಓಡಿ ಬಂದರು. ಮೈಲುತುತ್ತದ ನೀಲಿ ಮೊಣಕೈವರೆಗೆ. ಕೈ ತೊಳೆಯಲಿಲ್ಲ. ಪಾದ ಹಿಡಿದು ಕೂತುಬಿಟ್ಟರು. ಎದ್ದ ಮೇಲೆ ಅತ್ತೆಯ ಎರಡೂ ಪಾದದ ಮೇಲೆ ನೀಲಿ ಬೆರಳು. ಸ್ನಾನ ಮಾಡಿಸುವಾಗ ಉಜ್ಜಿದರೂ ಪೂರ್ತಿ ಹೋಗಲಿಲ್ಲ.

ಬೆನ್ನು ನೋಡಿದೆ. ಸೊಂಟ ನೋಡಿದೆ. ಹಿಮ್ಮಡಿ ನೋಡಿದೆ. ಎಲ್ಲೂ ಇಲ್ಲ.

ಹಾಸಿಗೆ ಎತ್ತುವಾಗ ದಿಂಬಿನಡಿ ಎರಡು ಅಡಿಕೆ. ಒಣಗಿ ಒಳಗೆ ಗಲಗಲ ಅನ್ನುತ್ತಿವೆ.

ಜೂನ್ 9

ರಾತ್ರಿ 2.40ಕ್ಕೆ ಅಲಾರಾಂ. ತೆಗೆಯಲು ಮರೆತಿದ್ದೆ. ಎದ್ದು ಕೋಣೆಯವರೆಗೆ ಹೋಗಿ ಬಂದೆ.

ಜೂನ್ 16. ಸೋಮವಾರ

ಹದಿಮೂರೂ ಮುಗಿಯಿತು. ನೆಂಟರೆಲ್ಲ ಹೋದರು. ಮೈದುನ ಹೊರಡುವಾಗ ನಮಸ್ಕಾರ ಮಾಡಿದ, ಏನೂ ಹೇಳಲಿಲ್ಲ. ಪೈಪು ಇದ್ದಿದ್ದರೆ ಇನ್ನೂ ಇರುತ್ತಿದ್ದರೇನೋ ಎಂದು ಅವನಿಗೆ ಅನ್ನಿಸುತ್ತಿದೆಯೋ, ನನಗೆ ಅನ್ನಿಸುವುದನ್ನು ಅವನ ಮುಖಕ್ಕೆ ಹಚ್ಚುತ್ತಿದ್ದೇನೋ. ನನ್ನ ಕಾಗದ ಸರಿಗೆಯಲ್ಲೇ ಇದೆ, ಮೇಲೆ ಹದಿಮೂರರ ದಿನಸಿ ಚೀಟಿ.

ಮಗಳು ನಾಳೆ ಮಂಗಳೂರಿಗೆ. "ಆ ಚಮಚದ ಲೆಕ್ಕ ಕೊಡು ಆಯಿ, ಫೋಟೋ ತಗೊಳ್ತೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಹೇಳ್ಬೇಕು. ಮನೆಯಲ್ಲಿ ಇಷ್ಟು ಚೆನ್ನಾಗಿ ಯಾರೂ ಬರೆದಿಡಲ್ಲ."

ಈ ಡೈರಿ ಕೊಡಲಾರೆ. ಬೇರೆ ಹಾಳೆಯಲ್ಲಿ ಬರೆದುಕೊಡುತ್ತೇನೆ ಎಂದೆ. ಅಡುಗೆಮನೆಯಲ್ಲಿ ಕೂತು ತಾರೀಕು, ಸಂಖ್ಯೆ, ತಾರೀಕು, ಸಂಖ್ಯೆ. ಎಡೆಯಲ್ಲಿ ಬರೆದದ್ದನ್ನು ಓದದೆ ದಾಟುತ್ತ ಬಂದೆ.

ಏಪ್ರಿಲ್ 5: 17.

ಏಪ್ರಿಲ್ 6: 16.

ಏಪ್ರಿಲ್ 7ಕ್ಕೆ ಸಂಖ್ಯೆ ಇಲ್ಲ.

ಒಳಗಿನಿಂದ ಮಗಳು, "ಆತಾ ಆಯಿ?" ಎಂದಳು.

15 ಎಂದು ಬರೆದೆ.